ಪಾಪಕ್ಕೆ ಪಕ್ಕದ ಮನೆ ಅಂಗಳ

ಮೊನ್ನೆ ಬೆಳಿಗ್ಗೆ ಬಾಗಿಲು ತೆಗೆದರೆ ನನ್ನ ಅಂಗಳದಲ್ಲಿ ಪಕ್ಕದ ಮನೆಯ ಮಂಚ!

ಮಂಚ ಮಾತ್ರವಲ್ಲ, ಬೆಂಚು, ಆ ಮನೆಯ ಯಜಮಾನ ಮಹದೇವಪ್ಪನವರು ವ್ಯಾಪಾರದ ಮಂಡಿಯಲ್ಲಿ ಕೂರುವ ಕುರ್ಚಿ, ಎಲ್ಲ ಬಂದು ಕೂತಿವೆ. ಮನೆ ಖಾಲಿ ಮಾಡುತ್ತಿದ್ದಾರೋ ಏನೋ ಅಂದುಕೊಂಡೆ. ಹಾಗೇನಿಲ್ಲ. ಹುಣಸೂರಿನ ನಮ್ಮ ಬೀದಿಗೆ ಅವತ್ತು ಡಿಡಿಟಿಯವರು ಬರುವ ದಿನ.

ಡಿಡಿಟಿ ಯಾರಿಗೆ ಗೊತ್ತಿಲ್ಲ? ಖಾಕಿ ತೊಟ್ಟವರು ಪಂಪು ಹೊತ್ತು ಬಂದು ಮನೆಮನೆಯ ಗೋಡೆಗೆ ಔಷಧಿ ಹೊಡೆಯುತ್ತಾರೆ. ಸೊಳ್ಳೆ ಸಾಯುತ್ತದೆ, ಚಳಿಜ್ವರ ಕಡಿಮೆಯಾಗುತ್ತದೆ. ಜೊತೆಗೆ ತಿಗಣೆಯೂ ಸಾಯುತ್ತದೆ. (ನಮ್ಮ ಜನ ಕಾಯುವುದು ತಿಗಣೆಯ ಸಾವಿಗೆ.)

ಮಹದೇವಪ್ಪನವರು ಹೊಗೆಸೊಪ್ಪಿನ ವ್ಯಾಪಾರಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ದಯೆ. ಇರುವೆಯನ್ನು ಕಂಡರೂ ದಾರಿ ಬಿಟ್ಟು ನಡೆಯುತ್ತಾರೆ. (ಅವರ ಹೊಲದ ಹೊಗೆಸೊಪ್ಪಿನ ಹುಳುಗಳ ಮಾತು ಬೇರೆ. ಅವನ್ನು ಹೊಸಕುವವರು ಕೂಲಿಯವರು.)

“ನಿಮ್ಮನೆಗೆ ಹೊಡೆಸೋದಿಲ್ವೇ?” ಎಂದು ಕೇಳಿದೆ.

“ಶಿವ ಶಿವ. ನಮ್ಮನೇಲಿ ಜೀವಹಿಂಸೆ ಮಾಡ್ಸಕಾಯ್ತದಾ ಮೇಷ್ಟ್ರೇ? ಸೊಳ್ಳೇದೂ ಒಂದು ಜೀವ ಅಲ್ವಾ?”

“ಮತ್ತೆ ಈ ಮಂಚ?”

“ನಿಮ್ಮನೇಲಿ ಎಂಗೂ ಒಡೀತಾರಲ್ಲ. ಅಂಗೇ ಇದಕ್ಕೂ ಒಸಿ ಬೀಳ್ಲಿ ಅಂತ.”

ಅಂದರೆ ತಿಗಣೆ ಅವರದು, ಪಾಪ ನನ್ನದು. ಇಂಥ ಬುದ್ಧಿ ನನಗೇಕೆ ಹೊಳೆಯಲಿಲ್ಲ?

ನಮ್ಮ ಮನೆಯೇನು ಕಡಿಮೆಯೇ? ನಮ್ಮ ತಂದೆಯ ಫೋಟೋ ಹಿಂದೆ ಗುಬ್ಬಿ ಗೂಡು ಕಟ್ಟಿ ಮರಿ ಮಾಡಿದೆ. ಪಂಪಿನವರು ಒಳಗೆ ಬಂದದ್ದೇ ನನ್ನ ಹೆಂಡತಿ ಗೌರಮ್ಮ ಗೋಡೆಗೆ ಅಡ್ಡ ನಿಂತಳು. “ಬಾಣಂತಿ ಅವ್ಳೆ. ಈ ಗೋಡೆಗೆ ಬ್ಯಾಡಿ.” ಸರಿ ಎಂದು ಅವರು ಬೇರೆ ಗೋಡೆಗೆ ತಿರುಗಿದರೆ, ಅದೇ ಬಾಯಲ್ಲಿ, “ಆ ಮಂಚದ ಸಂದಿಗೆ ಇನ್ನೊಂದು ಸಲ ಒಡೀರಪ್ಪ” ಎಂದಳು.

“ತಿಗಣೆಗೆ ಮಕ್ಕಳುಮರಿ ಇಲ್ವೇನೆ?”

“ಗುಬ್ಬಿ ಚಿಲಿಪಿಲಿ ಅಂತದೆ. ತಿಗಣೆ ಏನಂತದೆ?”

ಪಾಪ, ತಿಗಣೆಗೆ ಸಂಗೀತ ಬಂದಿದ್ದರೆ ಬದುಕಿಕೊಳ್ಳುತ್ತಿತ್ತೇನೋ! ನಗಬೇಡಿ. ಕಾಕನಕೋಟೆಯ ಕಾಡಿಗೆ ಕಾರಿನಲ್ಲಿ ಹೋಗಿ ಬಂದವರು ‘ಎಂಥ ಬ್ಯೂಟಿ’ ಎಂದು ಕಣ್ಣರಳಿಸುತ್ತಾರೆ. ಅಲ್ಲೇ ನಾಲ್ಕು ದಿನ ಉಳಿದವರು ಚಳಿಜ್ವರಕ್ಕೆ ಕ್ವಿನೈನ್ ಕೇಳುತ್ತಾರೆ. ನಮ್ಮ ನಿಸರ್ಗಪ್ರೇಮ ನಿಂತಿರುವುದು ನಮ್ಮನ್ನು ಕಚ್ಚದ, ನಮಗೆ ಚೆಂದ ಕಾಣುವ ಜೀವಗಳ ಮೇಲೆ.

ಅಷ್ಟರಲ್ಲಿ ಡಿಡಿಟಿ ಮೇಸ್ತ್ರಿ ಮಹದೇವಪ್ಪನವರ ಬಾಗಿಲಿಗೆ ಹೋದ.

“ನಿಮ್ಮ ಸೊಸೆಗೆ ಜ್ವರ ಅಂತಲ್ಲ ಸ್ವಾಮಿ. ಗೋಡೆಗೆ ಹೊಡೀಲೇಬೇಕು.”

“ಉಸಾರು ಮಾಡೋನು ಶಿವ ಕಣಪ್ಪ. ಮುಂದಿನ ಮನೆಗೆ ಓಗಿ,” ಎಂದು ಅವರು ಹೊಸ್ತಿಲಿಗೆ ಅಡ್ಡ ನಿಂತರು.

ಸೊಸೆ ನಾಗಮ್ಮ ಕೃಷ್ಣರಾಜನಗರದ ಹುಡುಗಿ. ಮದುವೆಯಾಗಿ ಬಂದಾಗ ತುಂಬಿದ ಕೆನ್ನೆ, ಓಡಾಡಿದರೆ ಮನೆಯೆಲ್ಲ ಸದ್ದು. ಈಗ ಬಸುರಿ. ದಿನ ಬಿಟ್ಟು ದಿನ ಚಳಿ ಬಂದು ನಡುಗುತ್ತಾಳೆ. ಅವಳು ನರಳುವುದು ನಡುಗೋಡೆ ದಾಟಿ ನಮಗೆ ಕೇಳುತ್ತದೆ.

ಆ ನಾಗಮ್ಮ ಕಂಬಳಿ ಸುತ್ತಿಕೊಂಡು ಹಿತ್ತಿಲ ಬಾಗಿಲಿಂದ ಸುತ್ತಿ ಬಂದಳು. ಯಾರ ಮುಖವನ್ನೂ ನೋಡದೆ ನಮ್ಮ ಅಂಗಳದಲ್ಲಿ, ಔಷಧಿ ಹೊಡೆಸಿಕೊಂಡು ಬಿಸಿಲಿಗೆ ಒಣಗಿದ್ದ ಮಾವನ ಮಂಚದ ಮೇಲೆ ಕೂತಳು.

ಮಹದೇವಪ್ಪನವರು ಗಾಬರಿಯಾದರು. “ಒಳಕ್ಕೆ ನಡಿಯವ್ವ. ಗಾಳಿ ತಗಲ್ತದೆ.”

“ಮಂಚ ಇರೋ ಕಡೇಲೇ ನಾನೂ ಇರ್ತೀನಿ ಮಾವ. ಗೋಡೆಗೆ ಔಸ್ದಿ ಒಡ್ಸಿ, ಆಮೇಕೆ ಬತ್ತೀನಿ.”

ದನಿ ಜೋರಾಗೇನೂ ಇರಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. ಗೌರಮ್ಮ ಹೋಗಿ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಬೀದಿಯವರೆಲ್ಲ ನೋಡುತ್ತಾ ನಿಂತರು. ಮೇಸ್ತ್ರಿ ಪಂಪು ಕೆಳಗಿಟ್ಟು ಬೀಡಿ ಹಚ್ಚಿದ.

ಮಹದೇವಪ್ಪನವರು ಆಕಾಶ ನೋಡಿದರು. ಶಿವ ಏನೂ ಹೇಳಲಿಲ್ಲವೆಂದು ಕಾಣುತ್ತದೆ. ಕೊನೆಗೆ ಕೊಡೆ ತೆಗೆದುಕೊಂಡರು.

“ನಾನು ಮಂಡಿ ಕಡೀಕೆ ಓಗ್ಬತ್ತೀನಿ. ನಾನಿಲ್ದಾಗ ಯಾರೇನು ಮಾಡುದ್ರೋ ನಂಗೊತ್ತಿಲ್ಲ.”

ದಯೆ ಬೀದಿಯ ತಿರುವು ದಾಟುವವರೆಗೂ ಮೇಸ್ತ್ರಿ ಕಾದ. ಆಮೇಲೆ ಗೋಡೆ, ಸೂರು, ಮೂಲೆ ಒಂದನ್ನೂ ಬಿಡದೆ ಹೊಡೆದ. ಸಂಜೆ ಮಹದೇವಪ್ಪನವರು ಬಂದರು, ಊಟ ಮಾಡಿ ಗೊರಕೆ ಹೊಡೆದರು.

ಈಗ ನೀವೇ ಹೇಳಿ, ಆ ಮನೆಯಲ್ಲಿ ಜೀವದ ಮೇಲೆ ಪ್ರೀತಿ ಇದ್ದದ್ದು ಯಾರಿಗೆ?