ಅಗ್ಗದ ವೈರು

ಹೊಸ ವಸ್ತು ಕೊಳ್ಳುವಾಗ ನನ್ನ ಕೈ ಜೇಬಿನ ಬಾಯಲ್ಲೇ ನಿಂತುಬಿಡುತ್ತದೆ. ಹೆಂಡತಿ ಇದನ್ನು ಜಿಪುಣತನ ಅನ್ನುತ್ತಾಳೆ, ನಾನು ವಿವೇಚನೆ ಅನ್ನುತ್ತೇನೆ. ನೇಸರಗಿ ಕಡೆಯ ನಮ್ಮ ಸಣ್ಣ ಊರಿನ ಹಾಲಿನ ಡೇರಿಗೆ ನಾನು ಸೆಕ್ರೆಟರಿ. ಅಲ್ಲಿ ಇವತ್ತಿಗೂ ಹಳೆಯ ದಪ್ಪ ಡಬ್ಬಿಯ ಕಂಪ್ಯೂಟರೇ ಇರುವುದಕ್ಕೆ ಈ ವಿವೇಚನೆಯೇ ಕಾರಣ.

ಆ ಡಬ್ಬಿಗೂ ಪಕ್ಕದ ಫ್ಯಾಟ್ ಮಶೀನಿಗೂ ಒಂದು ವೈರಿನ ಸಂಬಂಧ. ಹಾಲು ಎಷ್ಟು ಗಟ್ಟಿ ಎಂದು ಮಶೀನು ಅಳೆದು, ಆ ಅಂಕಿಯನ್ನು ಸೀರಿಯಲ್ ಪೋರ್ಟ್ ಎಂಬ ಕಿಂಡಿಯ ಮೂಲಕ ಕಂಪ್ಯೂಟರಿಗೆ ಕಳಿಸುತ್ತದೆ. ಬಾವಿಯಿಂದ ಹೆಂಗಸರು ಕೊಡ ಹೊತ್ತು ಒಬ್ಬರ ಹಿಂದೊಬ್ಬರು ಬರುವಂತೆ ಒಂದರ ಹಿಂದೊಂದು ಅಕ್ಷರ. ಇದು ಬರುವ ಮೊದಲು ಎಲ್ಲರ ಅಂಕಿಯನ್ನೂ ನಾನೇ ಕೂಗಿ ಹೇಳುತ್ತಿದ್ದೆ. ವೈರು ಬಂದ ಮೇಲೆ ಪರದೆ ಜನರ ಕಡೆ ತಿರುಗಿತು, ನನ್ನ ಗಂಟಲಿಗೆ ವಿಶ್ರಾಂತಿ ಸಿಕ್ಕಿತು.

ಹೋದ ಮಳೆಗಾಲದಲ್ಲಿ ಸಿಡಿಲು ಬಡಿದು ಪೋರ್ಟು ಸುಟ್ಟುಹೋಯಿತು. ಕಿತ್ತೂರಿನ ಅಂಗಡಿಯವನು ಹೊಸ ಕಂಪ್ಯೂಟರೇ ಕೊಳ್ಳಿ ಎಂದ. ಬೈಲಹೊಂಗಲದ ರಿಪೇರಿಯವರು, ಡಬ್ಬಿ ಗಟ್ಟಿಮುಟ್ಟಾಗಿದೆ, ಒಳಗೊಂದು ಸೀರಿಯಲ್ ಕಾರ್ಡು ಕೂರಿಸಿದರೆ ಸಾಕು, ಹುಬ್ಬಳ್ಳಿಯಿಂದ ತರಿಸಿಕೊಡುತ್ತೇನೆ ಎಂದರು. ನನ್ನ ಕಣ್ಣು ಮಾತ್ರ ಅವರ ಕಪಾಟಿನಲ್ಲಿ ತೂಗುತ್ತಿದ್ದ ಕನ್ವರ್ಟರ್ ಕೇಬಲ್ಲಿನ ಮೇಲಿತ್ತು. ಒಂದು ತುದಿ ಯುಎಸ್‌ಬಿಗೆ, ಇನ್ನೊಂದು ಮಶೀನಿಗೆ. ಬೆಲೆ ಕಾರ್ಡಿನ ಕಾಲುಭಾಗವೂ ಇಲ್ಲ. ಈ ಅಗ್ಗದ ಮಾಲು ಒಮ್ಮೊಮ್ಮೆ ತಪ್ಪು ಓದುತ್ತದೆ ಎಂದು ಅವರು ಎಚ್ಚರಿಸಿದರು. ಒಮ್ಮೊಮ್ಮೆ ತಾನೇ, ಅಂದುಕೊಂಡು ಅದನ್ನೇ ತಂದೆ.

ಆ ಒಮ್ಮೊಮ್ಮೆ ಬಂದದ್ದು ಹಸೀನಾಬಿಯವರ ಪಾಲಿಗೆ. ಅವರಿಗಿರುವುದು ಒಂದೇ ಎಮ್ಮೆ. ಅದರ ಫ್ಯಾಟ್ ಏಳರ ಕೆಳಗೆ ಇಳಿದದ್ದಿಲ್ಲ. ಡೇರಿಗೆ ಹಾಕಿ ಮಿಕ್ಕ ಹಾಲನ್ನು ಊರಿನ ಚಹಾದಂಗಡಿಯವನು ದಿನಾ ಅವರ ಮನೆಗೇ ಹೋಗಿ ಒಯ್ಯುತ್ತಿದ್ದುದು ಈ ಹೆಸರಿನ ಮೇಲೆ. ಅವತ್ತು ಬೆಳಿಗ್ಗೆ ಪರದೆಯ ಮೇಲೆ ಮೂರು ಪಾಯಿಂಟ್ ಎರಡು ಎಂದು ಮೂಡಿತು. ಸಾಲಿನಲ್ಲಿ ಯಾರೋ, "ನವಿಲುತೀರ್ಥ ಡ್ಯಾಮಿನ ಗೇಟ್ ತಗದಾರ ಕಾಣ್ತೇತಿ" ಎಂದರು. ಎಲ್ಲರೂ ನಕ್ಕರು.

ಮಶೀನಿನ ಮೇಲೆ ಏಳು ಪಾಯಿಂಟ್ ಎರಡು ಎಂದೇ ಇತ್ತು. ಏಳು ಹೊರಟು ಮೂರಾಗಿ ತಲುಪಿತ್ತು. ನಾನು ಅಲ್ಲೇ ತಿದ್ದಿ ಸರಿಯಾದ ಚೀಟಿ ಕೊಟ್ಟೆ. ತಿದ್ದಿದ್ದನ್ನು ಯಾರೂ ನೋಡಲಿಲ್ಲ, ನಗು ಮಾತ್ರ ಊರೆಲ್ಲ ತಿರುಗಿತು. ಅಂದಿನಿಂದ ಚಹಾದಂಗಡಿಯವನು ಹಸೀನಾಬಿಯವರ ಮನೆ ಕಡೆ ಹೋಗುವುದನ್ನು ಬಿಟ್ಟ.

ಅಗ್ಗ ಎಂದು ಮುಗ್ಗಿದ ಜೋಳ ತರಬಾರದು ಅಂತ ನಮ್ಮವ್ವ ಹೇಳುತ್ತಿದ್ದಳು. ಅವಳ ಲೆಕ್ಕದಲ್ಲಿ ಜೋಳ ತಂದವನೇ ಆ ರೊಟ್ಟಿ ತಿನ್ನಬೇಕು. ಇಲ್ಲಿ ತಂದವನು ನಾನು, ತಿಂದವರು ಹಸೀನಾಬಿ. ಹಾಗಾದರೆ ಅದು ಯಾರಿಗೆ ಅಗ್ಗವಾಯಿತು, ನೀವೇ ಹೇಳಿ. ನನಗೆ ಬಹಳ ನಾಚಿಕೆಯಾಯಿತು.

ಕಾರ್ಡು ತರಿಸಿ ಕೂರಿಸಿದೆ. ಮಶೀನಿನ ಅಂಕಿ, ಪರದೆಯ ಅಂಕಿ ಎರಡೂ ತಪ್ಪದೆ ಹೊಂದಿದವು. ಸಾಲು ಕರಗಿದ ಮೇಲೆ ಹಸೀನಾಬಿಯವರನ್ನು ಕರೆದು ಹೆಮ್ಮೆಯಿಂದ ತೋರಿಸಿದೆ. ಅವರು ಎರಡನ್ನೂ ನೋಡಿದರು.

"ಮಶೀನಿಗೆ ಹೊಸಾದ್ ಹಾಕಿದ್ರಿ, ಛಲೋ ಆತರಿ ಅಣ್ಣಾರ. ಅವತ್ತ ನಕ್ಕವರಿಗೆ ಏನ್ ಹಾಕ್ತೀರಿ?"

ಖಾಲಿ ಕ್ಯಾನು ಎತ್ತಿಕೊಂಡು ಹೋದರು.

ಮರುದಿನ ಅವರ ಸರದಿ ಬಂದಾಗ ಎದ್ದು ನಿಂತೆ. ವರ್ಷಗಳ ವಿಶ್ರಾಂತಿಯಿಂದ ಗಂಟಲು ತುಕ್ಕು ಹಿಡಿದಿತ್ತು. "ಹಸೀನಾಬಿ, ಏಳು ಪಾಯಿಂಟ್ ಮೂರು" ಎಂದು ಕೂಗಿದೆ. ಸಾಲಿನವರೆಲ್ಲ ನನ್ನ ಕಡೆ ತಿರುಗಿದರು. "ಅವತ್ತ ಅವರ ಹಾಲಿನ್ಯಾಗ ನೀರ ಇರಲಿಲ್ಲ. ತಪ್ಪ ಇದ್ದದ್ದು ನಾ ತಂದ ವೈರಿನ್ಯಾಗ" ಎಂದೆ. ಹಸೀನಾಬಿ ಸೆರಗು ಸರಿಮಾಡಿಕೊಂಡು ಚೀಟಿ ತೆಗೆದುಕೊಂಡರು.

ಈಗ ದಿನಾ ಎಲ್ಲರ ಅಂಕಿಯನ್ನೂ ಕೂಗುತ್ತೇನೆ. ಇದಕ್ಕೆ ಪೋರ್ಟು ಬೇಡ, ಕಾರ್ಡು ಬೇಡ. ಚಹಾದಂಗಡಿಯವನು ಇನ್ನೂ ಅವರ ಮನೆಗೆ ಹೋಗಿಲ್ಲ. ಅವನ ಅಂಗಡಿ ಡೇರಿಯಿಂದ ಬಹಳ ದೂರವೇನಿಲ್ಲ. ಹಸೀನಾಬಿಯವರ ಸರದಿ ಬಂದಾಗ ಆ ಕಡೆ ಮುಖ ಮಾಡಿ ನಿಂತು ಕೂಗುತ್ತೇನೆ.