ಹನ್ನೆರಡು ಸೀಸೆಗಳ ಮೂಗಿನಕ್ಕ

ಆಸ್ಪತ್ರೆಯ ನರರೋಗ ವಿಭಾಗದಲ್ಲಿ ಎಕ್ಸ್‌ರೇ ಕೋಣೆ ದಾಟಿ ಎಡಕ್ಕೆ ತಿರುಗಿದರೆ ಒಂದು ಪುಟ್ಟ ಕೋಣೆ. ಅಲ್ಲಿ ಕೂರುತ್ತಿದ್ದ ಟೆಕ್ನಿಷಿಯನ್‌ಗೆ ಎಲ್ಲರೂ ಇಟ್ಟಿದ್ದ ಹೆಸರು ಮೂಗಿನಕ್ಕ. ಆಕೆಯ ಮೂಗೇನೂ ಉದ್ದವಿರಲಿಲ್ಲ. ಕಂಡವರ ಮೂಗು ಪರೀಕ್ಷೆ ಮಾಡುವುದೇ ಆಕೆಯ ಉದ್ಯೋಗವಾಗಿತ್ತು. ಹೊರದೇಶದಿಂದ ತರಿಸಿದ ಪೆಟ್ಟಿಗೆ, ಅದರಲ್ಲಿ ವಾಸನೆ ತುಂಬಿದ ಹದಿನಾರು ಪೆನ್ನು. ಒಂದೊಂದರ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿಯುವುದು, ನಾಲ್ಕು ಹೆಸರು ಓದುವುದು, ಎದುರಿಗಿದ್ದವರು ಆರಿಸಿದ್ದನ್ನು ಗುರುತು ಹಾಕಿಕೊಳ್ಳುವುದು. ಕೈ ನಡುಗಿಸುವ ಪಾರ್ಕಿನ್ಸನ್ ಕಾಯಿಲೆ ಎಷ್ಟೋ ಜನರಲ್ಲಿ ಮೊದಲು ಕೈ ಹಾಕುವುದು ಮೂಗಿಗೆ. ನಡುಕ ಬರುವುದು ಆಮೇಲೆ, ಕೆಲವೊಮ್ಮೆ ವರ್ಷಗಟ್ಟಲೆ ಆಮೇಲೆ. ಹಾಗಂತ ವಾಸನೆ ತಿಳಿಯದವರಿಗೆಲ್ಲ ಆ ಕಾಯಿಲೆ ಎಂದಲ್ಲ, ನೆಗಡಿಯೋ ವಯಸ್ಸೋ ಇರಬಹುದು ಎಂದು ವಿಭಾಗದ ಡಾಕ್ಟರಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಅರವತ್ತು ದಾಟಿದ ಟೈಲರ್ ಒಬ್ಬರು ಬಂದರು. ಬಲಗೈ ಅದುರುತ್ತಿತ್ತು, ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ ಎಂಬುದು ಅವರ ದೂರು. ಮೂಗಿನಕ್ಕ ಆರನೆಯ ಪೆನ್ನು ಹಿಡಿದು ಓದಿದಳು: "ಚೆರ್ರಿ, ಪುದೀನ, ಲಿಕರೈಸ್, ಬಿಸ್ಕತ್ತು. ಯಾವ್ದು?"

"ಲಿಕರೈಸ್ ಅಂದ್ರೆ ತಿನ್ನೋದೋ, ಮೈಗೆ ಹಚ್ಕೊಳ್ಳೋದೋ ತಾಯಿ?"

ಆಕೆ ಪಟ್ಟಿಯನ್ನು ಮತ್ತೊಮ್ಮೆ ನೋಡಿದಳು. ಆರು ವರ್ಷದಿಂದ ಆ ಪದವನ್ನು ಓದುತ್ತಲೇ ಬಂದಿದ್ದಳು. ಅದೇನೆಂದು ತನಗೂ ಗೊತ್ತಿರಲಿಲ್ಲ!

ಟೈಲರ್‌ಗೆ ಹದಿನಾರಕ್ಕೆ ಆರು ಬಂತು. ಮುಖ ಬಾಡಿಸಿಕೊಂಡು ಎದ್ದವರು ಬಾಗಿಲ ಹತ್ತಿರ ಗಕ್ಕನೆ ನಿಂತರು. "ಅಮ್ಮಾ, ಎಲ್ಲೋ ಬಟ್ಟೆ ಸೀಯ್ತಾ ಇದೆ."

"ನಂಗೇನೂ ಬರ್ತಿಲ್ವಲ್ಲಾ?"

"ಹತ್ತಿ ಬಟ್ಟೆ. ನೈಲಾನ್ ಆದ್ರೆ ಘಾಟೇ ಬೇರೆ. ಬನ್ನಿ, ಬನ್ನಿ!"

ಇಬ್ಬರೂ ಓಡಿದರು. ಮೂರು ಬಾಗಿಲು ಆಚೆ, ವ್ಯಾಯಾಮದ ಕೋಣೆಯಲ್ಲಿ ಹೀಟರ್ ಮೇಲೆ ಟವೆಲ್ ಜಾರಿ ಬಿದ್ದಿತ್ತು. ಹೊಗೆಯಿನ್ನೂ ಎದ್ದಿರಲಿಲ್ಲ, ಅಂಗೈಯಗಲ ಕಂದು ಬಣ್ಣಕ್ಕೆ ತಿರುಗಿತ್ತು, ಅಷ್ಟೆ. ಹತ್ತಿಯ ಟವೆಲ್ಲೇ.

ಪ್ಲಗ್ ಕಿತ್ತ ಮೂಗಿನಕ್ಕನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಆರು ಅಂಕದ ಮೂಗಾ ಇದು? ಟವೆಲನ್ನು ಕೈಯಲ್ಲೇ ಹಿಡಿದು ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು. "ಮೇಡಂ, ಕೆಟ್ಟಿರೋದು ಅವರ ಮೂಗಲ್ಲ, ನಮ್ಮ ಪೆಟ್ಟಿಗೆ! ಕಂಡು ಕೇಳದ ಹೆಸರು ಓದಿದ್ರೆ ಯಾರು ತಾನೇ ಹೇಳ್ತಾರೆ?"

ಡಾಕ್ಟರಮ್ಮ ಟವೆಲನ್ನೂ ಆಕೆಯನ್ನೂ ನೋಡಿದರು. "ಒಂದು ಮೂಗು ನಂಬ್ಕೊಂಡು ಪೆಟ್ಟಿಗೆ ಎಸೆಯಕ್ಕಾಗಲ್ಲ. ಬೇರೆ ಪೆಟ್ಟಿಗೆ ಮಾಡ್ಕೊಂಡು ಬನ್ನಿ, ನೋಡೋಣ."

ಅವರು ಅರ್ಧ ತಮಾಷೆಗೆ ಅಂದಿದ್ದರು. ಆಕೆ ಪೂರ್ತಿ ನಿಜವೆಂದೇ ತೆಗೆದುಕೊಂಡಳು. ಒಂದೇ ವಾರದಲ್ಲಿ ಅಡುಗೆಮನೆಯ ಕಟ್ಟೆ ತುಂಬಾ ಖಾಲಿ ಔಷಧಿ ಸೀಸೆಗಳು. ಒಂದೊಂದರಲ್ಲೂ ಹತ್ತಿಯ ಉಂಡೆ. ಕಾಫಿಪುಡಿ, ಬೆಳ್ಳುಳ್ಳಿ, ನಿಂಬೆಸಿಪ್ಪೆ, ಸೀಮೆಎಣ್ಣೆ, ಸ್ನಾನದ ಸೋಪು, ಬೂಟ್ ಪಾಲಿಶ್, ಪೆನ್ಸಿಲ್ ಹೆರೆದ ಸಿಪ್ಪೆ, ಸೈಕಲ್ ಟ್ಯೂಬಿನ ಚೂರು... ಹೀಗೆ ಹನ್ನೆರಡು. ಮೊದಲು ಸಿಕ್ಕಿಬಿದ್ದವನು ಬಸ್ ಓಡಿಸುವ ಗಂಡ. ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡು ಬೂಟ್ ಪಾಲಿಶ್ ಮೂಸಿ, "ಅಯ್ಯೋ, ನಮ್ಮ ಡಿಪೋ ಮ್ಯಾನೇಜರ್ ಬಂದ್ರು!" ಎಂದು ಎದ್ದು ನಿಂತುಬಿಟ್ಟ. ಹನ್ನೆರಡಕ್ಕೆ ಹನ್ನೊಂದು. ಗಂಡ ಹೆಂಡತಿ ಬಿದ್ದು ಬಿದ್ದು ನಕ್ಕರು.

"ಅತ್ತೆ, ಈಗ ನಿಮ್ಮ ಸರದಿ."

"ನನ್ನ ಮೂಗಿಗೇ ಪರೀಕ್ಷೆನಾ?" ಎಂದರು ಅತ್ತೆ. ಮೂರು ವರ್ಷದಿಂದ ಸೊಸೆಯ ಅಡುಗೆ ಸಪ್ಪೆಯೆಂದು ಮೂಗು ಮುರಿಯುತ್ತಾ ಬಂದವರು ಅವರು. ಬೆಳ್ಳುಳ್ಳಿ ಸೀಸೆ ಮೂಸಿ "ನೀರು" ಎಂದರು. ಸೀಮೆಎಣ್ಣೆ ಮೂಸಿ ಸಿಟ್ಟಾದರು: "ಖಾಲಿ ಸೀಸೆ ಕೊಟ್ಟು ಆಟ ಆಡಿಸ್ತೀಯೇನೇ?"

ಹನ್ನೆರಡಕ್ಕೆ ಮೂರು.

ಗೆದ್ದೆ, ನನ್ನ ಅಡುಗೆಯದೇನೂ ತಪ್ಪಿಲ್ಲ ಎಂದು ಒಂದು ಕ್ಷಣ ಸೊಸೆಯ ಮನಸ್ಸು ಕುಣಿಯಿತು. ಮರುಕ್ಷಣವೇ ಆಸ್ಪತ್ರೆಯಲ್ಲಿ ಮೂರು, ನಾಲ್ಕು ಹೇಳಿ ಹೋದವರು ನೆನಪಾದರು. ಮರುದಿನ ಬೆಳಿಗ್ಗೆ ಮತ್ತೆ ಮೂಸಿಸಿದಳು. ನೆಗಡಿಯಿಲ್ಲ, ಮೂಗು ಕಟ್ಟಿಲ್ಲ. ಮತ್ತೆ ಅದೇ ಮೂರು. ಅತ್ತೆ ಅಂಗಳದಲ್ಲಿ ನಡೆಯುವುದನ್ನು ಕಿಟಕಿಯಿಂದ ನೋಡಿದಳು. ಎಡಗೈ ಬೀಸುತ್ತಿತ್ತು, ಬಲಗೈ ಮಾತ್ರ, ಪಾರ್ಕಿನ್ಸನ್ ರೋಗಿಗಳದ್ದರಂತೆ, ಮೈಗಂಟಿಕೊಂಡೇ ಇತ್ತು.

"ಅತ್ತೆ, ನಾಳೆ ನನ್ನ ಜೊತೆ ಆಸ್ಪತ್ರೆಗೆ ಬನ್ನಿ."

"ಯಾಕೆ, ನಾನು ಸಾಯ್ತೀನಾ?"

"ನಿಮ್ಮ ಬಾಯಿ ಮುಚ್ಚಿಸೋ ಕಾಯಿಲೆ ಇನ್ನೂ ಹುಟ್ಟಿಲ್ಲ, ಬನ್ನಿ."

ಡಾಕ್ಟರಮ್ಮ ನಡೆಸಿ ನೋಡಿದರು, ಬೆರಳು ಬಡಿಸಿ ನೋಡಿದರು, ಮೊಣಕೈ ಮಡಿಸಿ ಬಿಡಿಸಿ ನೋಡಿದರು. ಪಾರ್ಕಿನ್ಸನ್ನೇ. "ಪೂರ್ತಿ ವಾಸಿ ಮಾಡೋ ಮದ್ದು ಇಲ್ಲಮ್ಮ. ಆದ್ರೆ ಈಗಷ್ಟೇ ಶುರು. ಮಾತ್ರೆ ತಗೊಂಡು, ದಿನಾ ಚೆನ್ನಾಗಿ ನಡೆದ್ರೆ ತುಂಬಾ ವರ್ಷ ನಿಮ್ಮ ಕೆಲಸ ನೀವೇ ಮಾಡ್ಕೋಬಹುದು."

ಅತ್ತೆ ಸೆರಗು ಸರಿಮಾಡಿಕೊಂಡರು. ಆಮೇಲೆ ಸೊಸೆಯತ್ತ ತಿರುಗಿದರು. "ಹಾಗಾದ್ರೆ ಇಷ್ಟು ದಿನ ನೀನು ಬೈಸ್ಕೊಂಡಿದ್ದು ಸುಮ್‌ಸುಮ್ನೇನಾ?"

"ಬಿಡಿ ಅತ್ತೆ, ನಾನೂ ಒಳಗೊಳಗೇ ಬೈದಿದೀನಿ."

ಇಬ್ಬರೂ ನಕ್ಕರು; ನಗುತ್ತಲೇ ಸೊಸೆ ಕಣ್ಣೊರೆಸಿಕೊಂಡಳು.

ಅಲ್ಲಿಂದ ಮುಂದೆ ಡಾಕ್ಟರಮ್ಮನೇ ಬೆನ್ನಿಗೆ ನಿಂತರು. ಎಂಟು ತಿಂಗಳು ಆಸ್ಪತ್ರೆಯ ಪಡಸಾಲೆಯಲ್ಲಿ ಮೇಜು ಹಾಕಿ, ಆರೋಗ್ಯವಂತರು, ರೋಗಿಗಳು ಸೇರಿ ಇನ್ನೂರು ಮೂಗು ನೋಡಿದರು. ಜನರನ್ನು ಕೈಹಿಡಿದು ಎಳೆತರುವ ಕೆಲಸ ಅತ್ತೆಯದು, ಯಾರಾದರೂ ಹಿಂಜರಿದರೆ "ನಾನೇ ಫೇಲಾಗಿದೀನಿ, ನಿಂಗೇನಪ್ಪಾ ನಾಚಿಕೆ!" ಎನ್ನುತ್ತಿದ್ದರು. ಟೈಲರ್ ಮತ್ತೆ ಬಂದು ಹನ್ನೆರಡಕ್ಕೆ ಹನ್ನೊಂದು ಹೇಳಿದರು. ಉಳಿದ ತಪಾಸಣೆಯೂ ಮುಗಿದ ಮೇಲೆ ಅವರದು ಪಾರ್ಕಿನ್ಸನ್ ಅಲ್ಲ, ಬೇರೆ ಜಾತಿಯ ನಡುಕವೆಂದು ಗೊತ್ತಾಯಿತು. ಮಾತ್ರೆಗೆ ತಗ್ಗಿತು, ದಾರ ಪೋಣಿಸುವುದಕ್ಕೂ ಆಯಿತು.

ಲೆಕ್ಕ ಹಾಕಿದ ದಿನ ಮೂಗಿನಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆರೋಗ್ಯವಂತರಲ್ಲಿ ಹೆಚ್ಚಿನವರು ಹತ್ತರ ಮೇಲೆ, ಕಾಯಿಲೆಯವರಲ್ಲಿ ಹೆಚ್ಚಿನವರು ಆರರ ಕೆಳಗೆ! ಡಾಕ್ಟರಮ್ಮ ಹಾಳೆಯನ್ನು ಎರಡು ಸಲ ಓದಿ, ಹಳೆ ಪೆಟ್ಟಿಗೆಯನ್ನು ಕಪಾಟಿನ ಮೇಲಕ್ಕೆ ತಳ್ಳಿದರು. "ನಾಳೆಯಿಂದ ನಿಮ್ಮ ಸೀಸೆಗಳೇ."

ಈಗ ಇನ್ನೆರಡು ಆಸ್ಪತ್ರೆಗಳಿಂದ ಸೀಸೆ ಬೇಕೆಂದು ಕಾಗದ ಬಂದಿದೆ. ಸೀಸೆಗೆ ಅಂಟಿಸುವ ಚೀಟಿ ಬರೆಯುವವರು ಅತ್ತೆ, ಮೂಸುವವರಿಗೆ ಹೇಗೂ ಕಣ್ಣು ಕಟ್ಟಿರುತ್ತದೆ. ಈ ಕಾಯಿಲೆಯಲ್ಲಿ ಬರವಣಿಗೆ ಚಿಕ್ಕದಾಗುತ್ತಾ ಹೋಗುತ್ತದಂತೆ. ಅದಕ್ಕೇ ಡಾಕ್ಟರಮ್ಮ ದೊಡ್ಡ ದೊಡ್ಡದಾಗಿ ಬರೆಯಲು ಹೇಳಿದ್ದಾರೆ. "ಸೀಮೆಎಣ್ಣೆ" ಎಂಬ ನಾಲ್ಕಕ್ಷರ ಸೀಸೆಯನ್ನು ಪೂರ್ತಿ ಒಂದು ಸುತ್ತು ಸುತ್ತಿ ಬರುತ್ತದೆ.