ಊಟದ ಗಂಟೆ ತಡವಾದ ಕಾರ್ಖಾನೆ

ನಾನು ಒಂದಿಡೀ ಕಾರ್ಖಾನೆಯನ್ನು ಉಪವಾಸ ಕೆಡವಿದ್ದು ಮೆಟ್ರೊ ನಾಗಸಂದ್ರದವರೆಗೆ ಬಂದ ಹೊಸತರಲ್ಲಿ. ಕೆಂಪಾಪುರದ ನಮ್ಮ ಕಚೇರಿಯಲ್ಲಿ ಆಗ ವರ್ಚುವಲ್ ಮಷೀನ್ ತಂತ್ರಾಂಶ ಬರೆಯುತ್ತಿದ್ದೆವು. ಇರುವ ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಇದೆಯೆಂದು ನಂಬಿಸುವ ಕೆಲಸ. ಸಂಬಳ ಮಾತ್ರ ಒಂದೇ. ದಾಸರಹಳ್ಳಿಯ ಬೋಲ್ಟು ಕಾರ್ಖಾನೆಯೊಂದರ ಹಳೇ ಕಂಪ್ಯೂಟರ್ ಕೆಟ್ಟಿತು. ಗಂಟೆ ಬಾರಿಸುವ ಅದರ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ನಮ್ಮ ತಂತ್ರಾಂಶದೊಳಗೆ ಬಂದು ಕೂತಿತು. ವಾರದೊಳಗೆ ಊಟದ ಗಂಟೆ ಹತ್ತು ನಿಮಿಷ ತಡವಾಗತೊಡಗಿತು.

ತಪ್ಪು ಹುಡುಕಲು ನನ್ನನ್ನೇ ಕಳಿಸಿದರು. ಮಾಕಳಿಯಿಂದ ಕೆಲಸಕ್ಕೆ ಬರುತ್ತಿದ್ದ ಸೂಪರ್‌ವೈಸರ್ ಗೇಟಿನಲ್ಲೇ ಹಿಡಿದುಕೊಂಡರು.

‘ಇಂಗಾದ್ರೆ ಎಂಗೆ ಸಾರ್? ಜನ ನನ್ನ ಮಖಾನೇ ನೋಡ್ತಾ ಕೂತ್ಕತಾರೆ.’

ಎರಡು ದಿನ ಅಲ್ಲೇ ಕೂತು ನೋಡಿದೆ. ಒಳಗಿನ ಗಡಿಯಾರ ನಡೆಯುವುದು ಹೊರಗಿನ ಕಂಪ್ಯೂಟರ್ ಕಳಿಸುವ ಟೈಮರ್ ಸಿಗ್ನಲ್‌ನಿಂದ. ಸಿಗ್ನಲ್ ಒಂದು ಬಂದರೆ ಮುಳ್ಳು ಒಂದು ಹೆಜ್ಜೆ. ಬೆಳಗ್ಗೆ ಅದೇ ಕಂಪ್ಯೂಟರಿನಲ್ಲಿ ಸ್ಟಾಕ್ ಪಟ್ಟಿಯ ಕೆಲಸ ಜೋರಾಗಿ ನಡೆಯುತ್ತಿತ್ತು. ಆ ಗಡಿಬಿಡಿಯಲ್ಲಿ ಒಂದು ಸಿಗ್ನಲ್ ವಿಚಾರಿಸಿಕೊಳ್ಳುವಷ್ಟರಲ್ಲಿ ಇನ್ನೂ ನಾಲ್ಕು ಬಂದು ನಿಲ್ಲುತ್ತಿದ್ದವು. ನಾಲ್ಕೂ ಸೇರಿ ಒಂದೇ ಎಂದು ಲೆಕ್ಕಕ್ಕೆ ಹೋಗುತ್ತಿದ್ದವು. ಉಳಿದ ಮೂರು ಹೆಜ್ಜೆ ಯಾರಿಗೂ ಬೇಡ. ಹೀಗೆ ದಿನಾ ಬೆಳಗ್ಗೆ ಸರಿಯಾಗಿ ಶುರುವಾದ ಗಡಿಯಾರದಿಂದ ಊಟದ ಹೊತ್ತಿಗೆ ಹತ್ತು ನಿಮಿಷ ಸೋರಿಹೋಗಿರುತ್ತಿತ್ತು.

ತಪ್ಪಿಹೋದ ಸಿಗ್ನಲ್ ಎಷ್ಟೆಂದು ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳಿ ಕೂಡಿಸುವಂತೆ ನಮ್ಮ ತಂತ್ರಾಂಶವನ್ನು ತಿದ್ದಿದೆ. ಪರೀಕ್ಷೆ ಮಾಡುವ ಗೋಜಿಗೆ ಹೋಗಲಿಲ್ಲ. ನನ್ನ ಮೇಲೆ ನನಗೆ ಅಷ್ಟು ಪ್ರೀತಿ. ಮರುದಿನ ಊಟದ ಗಂಟೆ ಹತ್ತು ನಿಮಿಷ ಮೊದಲೇ ಹೊಡೆಯಿತು. ಜನರೆಲ್ಲ ತಟ್ಟೆ ಹಿಡಿದು ಕ್ಯಾಂಟೀನಿಗೆ ನುಗ್ಗಿದರೆ ಅನ್ನ ಇನ್ನೂ ಕುದಿಯುತ್ತಿತ್ತು. ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಬಂದು ಗಂಟೆ ರಿಪೇರಿಯವನು ಯಾರೆಂದು ವಿಚಾರಿಸಿದರು. ನಾನೂ ಅತ್ತಿತ್ತ ನೋಡಿದೆ.

ಕಚೇರಿಯಲ್ಲಿದ್ದ ಧಾರವಾಡದ ಹಿರಿಯ ಸಹೋದ್ಯೋಗಿಗೆ ಫೋನ್ ಮಾಡಿದೆ. ಅವರನ್ನು ನಾವೆಲ್ಲ ಅಕ್ಕಾ ಎನ್ನುತ್ತಿದ್ದೆವು. ನಾನು ಬರೆದದ್ದನ್ನು ತೆರೆದು ಓದಿದರು.

‘ತಪ್ಪಿದ್ದನ್ನ ಎರಡು ಕಡೆ ಕೂಡ್ಸೀಯಲ್ಲೋ. ಒಂದು ತಗದು ಹಾಕು. ಮತ್ತ ಈ ಸಲ ನೋಡಿ ಕಳಸು.’

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಂದು ಸಾಲು ಅಳಿಸಿದೆ. ಆಮೇಲೆ ಬೇಕೆಂದೇ ಕಂಪ್ಯೂಟರಿನ ಮೇಲೆ ಕತ್ತೆಗೆ ಹೇರುವಂತೆ ಕೆಲಸ ಹೇರಿ, ಕೈಗಡಿಯಾರ ಪಕ್ಕದಲ್ಲಿಟ್ಟುಕೊಂಡು ಅರ್ಧ ದಿನ ಕಾದೆ. ಎರಡೂ ಗಡಿಯಾರ ಜೊತೆಜೊತೆಗೇ ಓಡಿದವು.

ಗಂಟೆ ಸರಿಹೋಯಿತು. ಮುಂದಿನ ವಾರ ಸೂಪರ್‌ವೈಸರ್ ಫೋನ್ ಮಾಡಿ, ಮನೆಗೆ ಬಿಡುವ ಸಂಜೆ ಗಂಟೆಯನ್ನಷ್ಟೇ ಸ್ವಲ್ಪ ಮುಂಚೆ ಹೊಡೆಸಲು ಆಗುತ್ತದೆಯೇ ಎಂದು ದನಿ ತಗ್ಗಿಸಿ ಕೇಳಿದರು. ಆಗುವುದಿಲ್ಲ ಎಂದೆ. ಆಗುತ್ತಿತ್ತು.